ಸನಾವುಲ್ಲಾನ ಇಂಟರ್‌ವ್ಯೂ

ಜೂನ್ 5, 2005. ಭಾನುವಾರ

ಮತ್ತೆ ಫ್ರೇಜರ್ ಟೌನ್. ಶಿರೀನ್ ಆಪಾ ಮನೆಯ ಮಹಡಿ. ಕುರ್ಚಿ ಸಾಲದೆ ಇಬ್ಬರು ಕಿಟಕಿ ಕಟ್ಟೆ ಮೇಲೆ ಕೂತರು. ಹೊಸಬರು ಬಂದಿದ್ದರಿಂದ ಆಪಾ ಮೊದಲಿಂದ ಹೇಳಿದರು — ಪರಿಸರ ವಿಜ್ಞಾನದಲ್ಲಿ ಎಂ.ಎಸ್ಸಿ. ಮಾಡಿ ವರ್ಷಗಟ್ಟಲೆ ಅಲೆದದ್ದು, ಎಲ್ಲೂ ಕೆಲಸ ಸಿಗದೆ ಕಾಲೇಜಿನಲ್ಲಿ ಪಾಠ ಹೇಳಲು ಹೋದದ್ದು.

"ಕೆರೆ ಉಳಿಸೋ ಮೀಟಿಂಗು, ಕಸದ ಮೀಟಿಂಗು, ಎಲ್ಲಾ ನೋಡಿದೀನಿ. ಕೆರೆ ಪಕ್ಕ ಇರೋರು, ಕಸದ ಪಕ್ಕ ಇರೋರು ಒಬ್ರೂ ಅಲ್ಲಿ ಇರಲ್ಲ. ನಮ್ಮ ಮಕ್ಕಳು ಓದಿದ್ರೂ ಒಳಗೆ ಹೋಗೋ ದಾರಿ ಗೊತ್ತಿಲ್ಲ. ಅದಕ್ಕೇ ಈ ಭಾನುವಾರದ ಕ್ಲಾಸು."

ಶಿವಾಜಿನಗರದ ಮುಸ್ಲಿಂ ಹುಡುಗರು, ಹಲಸೂರು, ಬಾಣಸವಾಡಿ ಕಡೆಯ ನಮ್ಮ ದಲಿತ ಮಕ್ಕಳು. ಎಲ್ಲರೂ ಪರಿಸರ ಓದಿದವರೇ. ಒಬ್ಬಳು ಕಾಲ್ ಸೆಂಟರ್‌ನಲ್ಲಿದ್ದಾಳೆ, ಒಬ್ಬ ಚಿಕ್ಕಪ್ಪನ ಮೊಬೈಲ್ ಅಂಗಡಿಯಲ್ಲಿ. ಓದಿದ್ದಕ್ಕೆ ತಕ್ಕ ಕೆಲಸದಲ್ಲಿರುವವಳು ನಾನೊಬ್ಬಳೇ. ಇಂದಿರಾನಗರದ ಕನ್ಸಲ್ಟೆನ್ಸಿ, ಏಸಿ ರೂಮು, ವಿಸಿಟಿಂಗ್ ಕಾರ್ಡು. ಅದಕ್ಕೇ ಇಲ್ಲಿ ನನಗಿಷ್ಟು ಮರ್ಯಾದೆ. ಮಾಕ್ ಇಂಟರ್‌ವ್ಯೂ ನಡೆಸಿ ಅಭ್ಯಾಸ ಮಾಡಿಸುವುದು ನನ್ನ ಪಾಲಿನ ಕೆಲಸ.

ಇವತ್ತು ಸನಾವುಲ್ಲಾ ಎಲ್ಲರಿಗಿಂತ ಚೆನ್ನಾಗಿ ಮಾಡಿದ. ನಮ್ಮ ಆಫೀಸಿನಲ್ಲಿ ಕೆರೆ ಸರ್ವೆಗೆ ಒಬ್ಬರು ಬೇಕಾಗಿದ್ದಾರೆ, ಅಪ್ಲೈ ಮಾಡಿ ಎಂದೆ. ಎಲ್ಲರೂ ಚಪ್ಪಾಳೆ ತಟ್ಟಿದರು.

ಇಲ್ಲಿ ನಾನು ಯಾರೆಂದು ಎಲ್ಲರಿಗೂ ಗೊತ್ತು. ಆಫೀಸಿನಲ್ಲಿ ಯಾರಿಗೂ ಗೊತ್ತಿಲ್ಲ. ಭಾನುವಾರ ಏನು ಮಾಡಿದಿರಿ ಎಂದರೆ ಚಿಕ್ಕಮ್ಮನ ಮನೆ ಅನ್ನುತ್ತೇನೆ.

ಜೂನ್ 15, ಬುಧವಾರ

ಭಗವಂತರಾಯರು ಕರೆದು, ಈ ಸಲ ಇಂಟರ್‌ವ್ಯೂ ಪ್ಯಾನೆಲ್‌ನಲ್ಲಿ ನೀವೂ ಇರಿ ಎಂದರು. ಬಾಸ್ ಬಾಯಲ್ಲಿ ಈ ಮಾತು ಇದೇ ಮೊದಲು. ಅವರು, ನನ್ನ ಜೊತೆ ಕೆಲಸ ಮಾಡುವ ನಿತೀಶ್, ನಾನು. ಖುಷಿಯಾಯಿತು.

ಊಟದ ಹೊತ್ತಿಗೆ ನಿತೀಶ್ ಅಪ್ಲಿಕೇಶನ್ ತಿರುವಿ ಹಾಕುತ್ತಿದ್ದ. "ಏನು ಗುರು, ಶಿವಾಜಿನಗರದಿಂದೆಲ್ಲ ಬರೋಕೆ ಶುರುವಾಯ್ತು. ಇನ್ನು ಕೋಟಾದವರೂ ಬಂದ್ಬಿಟ್ರೆ ನಾವು ಮನೆಗೆ."

ಎಲ್ಲರೂ ನಕ್ಕರು. ನಾನೂ ನಕ್ಕೆ. ಇವಳೊಬ್ಬಳು ಯಾಕೆ ನಗಲಿಲ್ಲ ಎಂದು ಯಾರಿಗಾದರೂ ಹೊಳೆದುಬಿಟ್ಟರೆ... ಡಬ್ಬಿ ಮುಚ್ಚಿ ಎದ್ದೆ. ಅನ್ನ ಅರ್ಧ ಉಳಿದಿತ್ತು.

ಜೂನ್ 22, ಬುಧವಾರ. ಸಂಜೆ

ಬರೆಯಲು ಕೈ ಬರುತ್ತಿಲ್ಲ. ಬರೆಯದಿದ್ದರೆ ಮನಸ್ಸು ಬಿಡುವುದಿಲ್ಲ.

ಸನಾವುಲ್ಲಾ ಬಂದ. ಇಸ್ತ್ರಿ ಮಾಡಿದ ನೀಲಿ ಶರ್ಟು. ಗಡ್ಡ ಒಪ್ಪವಾಗಿ ಕತ್ತರಿಸಿಕೊಂಡಿದ್ದ. ನನ್ನನ್ನು ನೋಡಿ ಮುಗುಳ್ನಗುವವನಿದ್ದ, ನಾನು ತಲೆ ತಗ್ಗಿಸಿ ಅವನ ರೆಸ್ಯೂಮೆ ಓದತೊಡಗಿದೆ. ಅರ್ಥ ಮಾಡಿಕೊಂಡ. "ಗುಡ್ ಮಾರ್ನಿಂಗ್ ಮೇಡಂ" — ಮೊದಲ ಸಲ ನೋಡುತ್ತಿರುವವನ ಹಾಗೆ.

ಚೆನ್ನಾಗಿ ಮಾಡಿದ. ಉಳಿದವರೆಲ್ಲರಿಗಿಂತ ಚೆನ್ನಾಗಿ. ಕೆರೆಗೆ ಚರಂಡಿ ಎಲ್ಲಿ ಬಂದು ಸೇರುತ್ತದೆ ಎಂದು ಹೇಗೆ ಪತ್ತೆ ಮಾಡುತ್ತೀರಿ ಎಂದದ್ದಕ್ಕೆ ಎದ್ದು ಹೋಗಿ ಬೋರ್ಡಿನ ಮೇಲೆ ಬರೆದು ತೋರಿಸಿದ. ಇಂಗ್ಲಿಷಿನಲ್ಲೇ. ನಿತೀಶ್ ಕೂಡ ತಲೆಯಾಡಿಸಿದ.

ಅವನು ಹೋದ ಮೇಲೆ ಭಗವಂತರಾಯರು ಕನ್ನಡಕ ತೆಗೆದರು. "ಹುಡುಗ ಬ್ರೈಟ್. ಆದ್ರೆ ಸರ್ವೆ ಇರೋದು ಕೆ.ಆರ್.ಪುರದ ಆಚೆ, ಅಲ್ಲೆಲ್ಲಾ ಹಳ್ಳಿ ಜನ ಕಣ್ರೀ. ಕೆರೆ ದಡದಲ್ಲೇ ದೇವಸ್ಥಾನ ಇರುತ್ತೆ. ಗಡ್ಡ ಬಿಟ್ಕೊಂಡು ಈ ಹುಡುಗ ಅಲ್ಲಿ ಬಾಟಲಿಗೆ ನೀರು ತುಂಬ್ತಾ ನಿಂತ್ರೆ... ನಂಗೇನಿಲ್ಲಪ್ಪ. ನಾಳೆ ಕ್ಲೈಂಟ್‌ಗೆ ಏನು ಹೇಳೋಣ?"

ಪೆನ್ನು ತೆರೆದು ಹಾಗೇ ಹಿಡಿದುಕೊಂಡರು. ಇದನ್ನು ಫೈಲಿನಲ್ಲಿ ಬರೆಯುವಂತಿಲ್ಲವಲ್ಲ.

"ಸುಕನ್ಯ, ನೀವೇನಂತೀರಿ?"

ನಿತೀಶ್ ನನ್ನನ್ನೇ ನೋಡುತ್ತಿದ್ದ. ಅಥವಾ ನನಗೆ ಹಾಗನಿಸಿತು.

"ಕಮ್ಯುನಿಕೇಶನ್ ವೀಕ್ ಇದೆ ಸರ್," ಎಂದೆ. "ಇಂಗ್ಲಿಷ್ ಅಷ್ಟಿಲ್ಲ."

"ಕರೆಕ್ಟ್." ರಾಯರು ಬರೆದುಕೊಂಡರು. ಮುಖದಲ್ಲಿ ಎಂಥ ನಿರಾಳ. ಅವರಿಗೆ ಬೇಕಿದ್ದ, ಯಾರ ಮುಂದೆ ಬೇಕಾದರೂ ಹೇಳಬಹುದಾದ ಒಂದು ಕಾರಣವನ್ನು ನಾನೇ ಕೈಯಾರೆ ಕೊಟ್ಟೆ.

ಯಾರೂ ನನ್ನನ್ನು ಒತ್ತಾಯಿಸಿರಲಿಲ್ಲ. "ಒಳ್ಳೇ ಹುಡುಗ ಸರ್" ಎಂದಿದ್ದರೆ ಸಾಕಿತ್ತು. ಆಗಲೂ ಅವನಿಗೆ ಕೆಲಸ ಸಿಗುತ್ತಿರಲಿಲ್ಲವೇನೋ. ಆದರೆ ಆಗ ಆ ತಪ್ಪು ಅವರದಾಗಿರುತ್ತಿತ್ತು.

ಜೂನ್ 26, ಭಾನುವಾರ

ಸನಾವುಲ್ಲಾ ಎಲ್ಲರಿಗೂ ಮಾಸ್ಕ್ ರೋಡಿನಿಂದ ಸಮೋಸಾ ತಂದಿದ್ದ. ಕೆಲಸ ಸಿಕ್ಕಲಿಲ್ಲ, ಆದರೂ ಅಷ್ಟು ದೂರ ಹೋಗಿ ಬಂದೆನಲ್ಲ ಎಂದು. ನನ್ನ ಹತ್ತಿರ ಬಂದು ಮೆಲ್ಲಗೆ, "ಗೊತ್ತಿಲ್ದೋರ ಥರ ಇದ್ದಿದ್ದು ಒಳ್ಳೇದು ಮಾಡಿದ್ರಿ ಮೇಡಂ. ಇಲ್ಲಾಂದ್ರೆ ರೆಕಮೆಂಡೇಶನ್ ಅಂತಿದ್ರು," ಎಂದ.

ಆಮೇಲೆ ಎಲ್ಲರ ಮುಂದೆ ಎದ್ದು ನಿಂತು ಕೇಳಿದ. "ಎಲ್ಲಿ ತಪ್ಪಾಯ್ತು ಹೇಳಿ ಮೇಡಂ. ತಿದ್ಕೋತೀನಿ."

"ಕಮ್ಯುನಿಕೇಶನ್," ಎಂದೆ. ಅದೇ ಪದ. "ಇಂಗ್ಲಿಷ್ ಇನ್ನೂ ಸ್ವಲ್ಪ..."

"ಎಲ್ರೂ ಬರ್ಕೊಳ್ಳಿ," ಎಂದರು ಆಪಾ.

ಎಲ್ಲರೂ ಬರೆದುಕೊಂಡರು.

ಜುಲೈ 3, ಭಾನುವಾರ

ಅವನು ಅಣ್ಣ ಗಯಾಜ್‌ನ ಟೇಪ್ ರೆಕಾರ್ಡರ್ ತೆಗೆದುಕೊಂಡು ತನ್ನ ಮಾತನ್ನು ತಾನೇ ರೆಕಾರ್ಡ್ ಮಾಡಿ ಕೇಳುತ್ತಾನಂತೆ. ಗಯಾಜ್‌ನದು ವಾಚ್ ರಿಪೇರಿ ಅಂಗಡಿ. ಗಿರಾಕಿಗಳೆಲ್ಲ ಇದೇನಿದು ಎಂದು ನೋಡುತ್ತಾರಂತೆ. ಇವತ್ತು ನನ್ನ ಮುಂದೆ ಒಪ್ಪಿಸಿದ. ನಾನು ಮಾತಾಡುವ ರೀತಿಯನ್ನೇ ಹಿಡಿದಿದ್ದಾನೆ — ನಾನು ಎಲ್ಲಿ ಉಸಿರು ತೆಗೆದುಕೊಳ್ಳುತ್ತೇನೋ ಅವನೂ ಅಲ್ಲೇ. ಆ ರೀತಿಯನ್ನು ನಾನು ಆಫೀಸಿನವರಿಂದ ಕಲಿತದ್ದು.

"ಇಂಪ್ರೂವ್ ಆಗಿದೆ," ಎಂದೆ. ಅವನ ಮುಖ ಅರಳಿತು.

ಇಳಿಯುವಾಗ ಮೆಟ್ಟಿಲ ಮೇಲೆ ನಿಲ್ಲಿಸಿದ. "ಮೇಡಂ, ಒಂದು ಮಾತು. ಗಡ್ಡ ತೆಗೆದ್ರೆ ಏನಾದ್ರೂ ಹೆಲ್ಪ್ ಆಗುತ್ತಾ?"

ಅವನಿಗೂ ಒಳಗೊಳಗೆ ಗೊತ್ತಿದೆ. ನನ್ನ ಬಾಯಿಂದ ಕೇಳಬೇಕಿತ್ತು, ಅಷ್ಟೇ. ಹೇಳುವುದಕ್ಕೆ ಅದಕ್ಕಿಂತ ಒಳ್ಳೆಯ ಹೊತ್ತು ಬೇರೆ ಇರಲಿಲ್ಲ. ನಾನು ಚಪ್ಪಲಿ ಹುಡುಕುವವಳ ಹಾಗೆ ಬಗ್ಗಿದೆ.

"ಅದು ನಿಮ್ಮಿಷ್ಟ," ಎಂದೆ.

ಜುಲೈ 10, ಭಾನುವಾರ

ತೆಗೆದುಕೊಂಡು ಬಂದಿದ್ದಾನೆ.

ಕೆನ್ನೆಯ ಕೆಳಗೆಲ್ಲ ಬಿಳಿಚಿಕೊಂಡಿದೆ. ಬೇರೆ ಯಾರದೋ ಗದ್ದ ತಂದು ಅಂಟಿಸಿದ ಹಾಗೆ. "ಅಮ್ಮಿ ಮಾತು ಬಿಟ್ಟಿದಾರೆ," ಎಂದು ನಗುತ್ತ ಹೇಳಿದ. "ಕೆಲಸ ಸಿಕ್ಕಿದ್ ದಿನ ಮಾತಾಡ್ತಾರೆ ಬಿಡಿ."

ಹುಡುಗರು ರೇಗಿಸಿದರು. ಆಪಾ ಮಾತ್ರ ನಗಲಿಲ್ಲ. ಅವನನ್ನು ನೋಡಿದರು, ಆಮೇಲೆ ನನ್ನನ್ನು ನೋಡಿದರು. ನಾನು ಕಿಟಕಿಯಾಚೆ ನೋಡಿದೆ.

ಜುಲೈ 24, ಭಾನುವಾರ

ಹೋಗಲಿಲ್ಲ. ಹೋದ ವಾರವೂ ಹೋಗಲಿಲ್ಲ. ತಲೆನೋವು ಎಂದು ಫೋನ್ ಮಾಡಿದ್ದೆ.

ಅಮ್ಮ ಸೊಪ್ಪು ಬಿಡಿಸುತ್ತ ಕೂತಿದ್ದಳು. ಪಕ್ಕದಲ್ಲಿ ಕೂತೆ. ಏನೂ ಕೇಳಲಿಲ್ಲ ಅವಳು. ನಾನೇ ಎಲ್ಲ ಹೇಳಿಬಿಟ್ಟೆ. ಅಮ್ಮ ಆಯುಷ್ಯವೆಲ್ಲ ಆಸ್ಪತ್ರೆಯಲ್ಲಿ ಆಯಾ ಆಗಿ ದುಡಿದವಳು. ಅವಳಿಗೆ ನೀರಿನ ಲೋಟವನ್ನೇ ಬೇರೆ ಇಟ್ಟಿದ್ದರಂತೆ ಅಲ್ಲಿ.

"ನೀನು ಕೆಲಸಕ್ಕೆ ಸೇರೋ ದಿನ ನಾನೇ ಅಲ್ವಾ ಹೇಳಿದ್ದು," ಎಂದಳು. "ಜಾತಿ ಕೇಳಿದ್ರೆ ಹೇಳು, ಕೇಳ್ದಿದ್ರೆ ಸುಮ್ನಿರು ಅಂತ."

"ಹೂಂ."

"ನಿನ್ನ ವಿಷಯಕ್ಕೆ ಸುಮ್ನಿರು ಅಂದೆ ಕಣಮ್ಮ. ಇನ್ನೊಬ್ಬರ ಮಗನ ಮೇಲೆ ಹೇಳು ಅಂದಿದ್ನಾ?"

ಬೈಯುವ ದನಿಯಲ್ಲ. ನಿಜವಾಗಿಯೂ ನೆನಪು ಮಾಡಿಕೊಳ್ಳುತ್ತಿದ್ದಳು, ತಾನು ಹಾಗೇನಾದರೂ ಅಂದಿದ್ದೆನೇ ಎಂದು. ಬೈದಿದ್ದರೆ ಚೆನ್ನಾಗಿತ್ತು.

ಆಗಸ್ಟ್ 12, ಶುಕ್ರವಾರ

ಸರ್ವೆಗೆ ತೆಗೆದುಕೊಂಡಿದ್ದವನು ಬಿಟ್ಟುಹೋದ. ಪುಣೆಯಲ್ಲಿ ಬೇರೆ ಕೆಲಸವಂತೆ. ಮಧ್ಯಾಹ್ನ ಭಗವಂತರಾಯರು ಕರೆದು, "ಜೂನ್‌ನಲ್ಲಿ ಬಂದೋರಲ್ಲಿ ಯಾರನ್ನಾದ್ರೂ ಕರೆಸೋಣ್ವಾ?" ಎಂದರು.

"ಸನಾವುಲ್ಲಾ ಸರ್."

"ಆ ಹುಡುಗಾನಾ? ಇಂಗ್ಲಿಷ್ ಇಲ್ಲ ಅಂತ ನೀವೇ ಅಂದ್ರಲ್ಲ."

"ಸುಳ್ಳು ಹೇಳಿದೆ ಸರ್."

ಅವರು ಬಾಗಿಲ ಕಡೆ ನೋಡಿದರು. "ಕೂತ್ಕೊಳ್ಳಿ. ಗೊತ್ತಿರೋ ಹುಡುಗನಾ?"

ಹೌದು ಎಂದೆ. ಫ್ರೇಜರ್ ಟೌನಿನ ಭಾನುವಾರಗಳ ಬಗ್ಗೆ ಹೇಳಿದೆ. ಯಾಕೆ ಹೋಗುತ್ತೇನೆ ಎಂದೂ ಹೇಳಿದೆ. ನಾನು ಯಾರ ಮನೆಯವಳು, ಹಲಸೂರಿನಲ್ಲಿ ಯಾವ ಕೇರಿ, ಎಲ್ಲ. ದನಿ ಸಣ್ಣದಾಗಿತ್ತು. ಯಾವುದೋ ರೋಗದ ಬಗ್ಗೆ ಡಾಕ್ಟರಿಗೆ ಹೇಳುವ ಹಾಗೆ ಹೇಳಿದೆ. ಅದಕ್ಕೂ ಈಗ ನಾಚಿಕೆ.

ರಾಯರು ತುಂಬ ಮೃದುವಾಗಿ ಮಾತಾಡಿದರು. "ಅದನ್ನೆಲ್ಲ ನಾವಿಲ್ಲಿ ನೋಡೋದೇ ಇಲ್ಲ ಸುಕನ್ಯ. ನಿಮ್ಮನ್ನ ಯಾವತ್ತಾದ್ರೂ ಕೇಳಿದೀವಾ?"

"ಇಲ್ಲ ಸರ್."

"ಮತ್ತೆ? ಮೆರಿಟ್ ಒಂದೇ ನೋಡೋದು. ನೀವೇ ಅದಕ್ಕೆ ಉದಾಹರಣೆ."

ಸನಾವುಲ್ಲಾನ ಮಾತು ಅಲ್ಲಿಗೆ ಮುಗಿಯಿತು. ಸಂಜೆ ಗೊತ್ತಾಯಿತು, ನಿತೀಶ್‌ನ ಕ್ಲಾಸ್‌ಮೇಟ್ ಒಬ್ಬ ಸೋಮವಾರ ಸೇರುತ್ತಾನೆ. ಅದಕ್ಕೂ ಮೊದಲೇ, ಟೀ ಟೈಮಿಗೆ ಎಂದಿನಂತೆ ಕರೆಯಲು ನಿತೀಶ್ ನನ್ನ ಟೇಬಲ್ ಹತ್ತಿರ ಬರಲಿಲ್ಲ. ರಾಯರು ಹೇಳಿರಬೇಕು.

ಆಗಸ್ಟ್ 13, ಶನಿವಾರ

ಶಿವಾಜಿನಗರಕ್ಕೆ ಹೋದೆ. ಮಾರ್ಕೆಟ್ ಹಿಂದಿನ ಗಲ್ಲಿ. ವಾಚ್ ಅಂಗಡಿಯಲ್ಲಿ ಅಣ್ಣ ಇರಲಿಲ್ಲ, ಸನಾವುಲ್ಲಾ ಕೂತಿದ್ದ. ನನ್ನನ್ನು ನೋಡಿ ಗಡಬಡಿಸಿ ಎದ್ದ. "ಕೆಲಸ ಏನಾದ್ರೂ ಇದ್ಯಾ ಮೇಡಂ?"

ಬಂದದ್ದೇ ಹೇಳಿದೆ. ನಿಂತುಕೊಂಡೇ. ರಾಯರು ಏನೆಂದರು, ನಾನು ಏನೆಂದೆ, ಭಾನುವಾರ ಮತ್ತೆ ಏನೆಂದೆ. ಮೆಟ್ಟಿಲ ಮೇಲೆ ಅವನು ಕೇಳಿದಾಗ ಯಾಕೆ ಬಾಯಿ ಬಿಡಲಿಲ್ಲ ಎನ್ನುವುದನ್ನೂ. ಆಟೋಗಳ ಗಲಾಟೆಗೆ ಎರಡು ಸಲ ದನಿ ಏರಿಸಬೇಕಾಯಿತು.

ಅವನು ಟೇಬಲ್ ಮೇಲಿದ್ದ ವಾಚ್ ಪಟ್ಟಿಗಳನ್ನು ಒಂದೊಂದಾಗಿ ನೇರ ಮಾಡುತ್ತಿದ್ದ.

"ಹಾಗಾದ್ರೆ ನನ್ನ ಇಂಗ್ಲಿಷ್ ಸರಿ ಇತ್ತಾ?"

"ಇತ್ತು."

"ಮೊದಲಿಂದ್ಲೂ?"

"ಮೊದಲಿಂದ್ಲೂ."

ಗದ್ದ ಮುಟ್ಟಿಕೊಂಡ. ಕೈ ಅಲ್ಲೇ ಉಳಿಯಿತು. ಬೈಯುತ್ತಾನೆ ಎಂದುಕೊಂಡು ಕಾದೆ. ಅಂಗಡಿಯ ಹಿಂದಿನ ಮನೆಯಿಂದ ಅವನ ಅಮ್ಮಿ ಶಂಶುನ್ನೀಸಾ — ಮತ್ತೆ ಮಾತಾಡತೊಡಗಿದ್ದರೇನೋ — ಉರ್ದುವಿನಲ್ಲಿ ಯಾರು ಬಂದದ್ದು ಎಂದು ಕೇಳಿದರು. ನನಗಷ್ಟು ಅರ್ಥವಾಗುತ್ತದೆ. ಅವನು ಕೊಟ್ಟ ಉತ್ತರವೂ ಅರ್ಥವಾಯಿತು.

"ಗಿರಾಕಿ," ಎಂದ.

ಸೆಪ್ಟೆಂಬರ್ 14, ಬುಧವಾರ

ಒಂದು ತಿಂಗಳಿಂದ ಬರೆದಿಲ್ಲ. ಆಫೀಸು, ಮನೆ. ಊಟಕ್ಕೆ ಒಬ್ಬಳೇ ಕೂರುತ್ತೇನೆ. ಯಾರೂ ಏನೂ ಅಂದಿಲ್ಲ. ಎಲ್ಲರೂ ಮೊದಲಿಗಿಂತ ಹೆಚ್ಚು ಮರ್ಯಾದೆಯಿಂದ ಮಾತಾಡುತ್ತಾರೆ.

ಇವತ್ತು ಆಪಾ ಫೋನ್. "ನೀನು ಬರ್ತಿಲ್ಲ. ಸನಾವುಲ್ಲಾ ಬರ್ತಾನೆ, ಬಾಯಿ ಬಿಡಲ್ಲ. ಏನಾಯ್ತಮ್ಮ?"

ಅವನು ಯಾರಿಗೂ ಹೇಳಿಲ್ಲ. ಹೇಳಿಬಿಟ್ಟಿರುತ್ತಾನೆ, ಎಲ್ಲರೂ ಉಗಿದಿರುತ್ತಾರೆ ಎಂದುಕೊಂಡೇ ನಾನು ಇಷ್ಟು ದಿನ ಕಳೆದಿದ್ದೆ. ಅದರಲ್ಲೂ ಒಂದು ಸಮಾಧಾನವಿತ್ತು.

ಹೇಳಿದೆ.

"ಭಾನುವಾರ ಬಾ," ಎಂದರು.

"ಯಾವ ಮುಖ ಇಟ್ಕೊಂಡು ಬರ್ಲಿ ಆಪಾ?"

"ಇರೋ ಮುಖ ಇಟ್ಕೊಂಡು ಬಾ. ಕ್ಷಮಿಸೋಕೆ ಕರೀತಿಲ್ಲ ನಾನು. ಅದು ಅವನಿಗೆ ಬಿಟ್ಟಿದ್ದು. ಆದ್ರೆ ನಾವು ಎದ್ದು ಹೊರಗೆ ಬಂದ್ಮೇಲೆ ಆ ರೂಮಲ್ಲಿ ಏನು ನಡೆಯುತ್ತೆ ಅಂತ ನೋಡಿರೋಳು ನೀನೊಬ್ಳೇ. ನಮ್ಮ ಮಕ್ಕಳಿಗೆ ಅದು ಗೊತ್ತಿರ್ಬೇಕು. ತಮ್ಮಲ್ಲೇ ಏನೋ ಕಮ್ಮಿ ಇದೆ ಅಂತ ಎಷ್ಟು ದಿನ ತಿದ್ಕೊಳ್ತಾ ಕೂತಿರ್ತಾರೆ?"

ಸೆಪ್ಟೆಂಬರ್ 18, ಭಾನುವಾರ. ಮಧ್ಯಾಹ್ನ

ಹೋದೆ. ಹಿಂದಿನ ಸಾಲಿನಲ್ಲಿ ಕೂತೆ. ಸನಾವುಲ್ಲಾ ಗೋಡೆಯ ಪಕ್ಕ ಇದ್ದ. ನೋಡಿದ, ತಲೆ ತಗ್ಗಿಸಿದ. ನಮಸ್ಕಾರವಿಲ್ಲ. ಎದ್ದು ಹೋಗಲೂ ಇಲ್ಲ.

ಹೊಸ ಹುಡುಗಿ ಒಬ್ಬಳು ಬಂದಿದ್ದಳು. ರಮ್ಯಶ್ರೀ, ಬಾಣಸವಾಡಿಯವಳು, ಈ ವರ್ಷ ಎಂ.ಎಸ್ಸಿ. ಮುಗಿಸಿದ್ದಾಳೆ. ನಾನು ಎಲ್ಲಿ ಕೆಲಸ ಮಾಡುತ್ತೇನೆ ಎಂದು ಯಾರೋ ಹೇಳಿರಬೇಕು. ನನ್ನ ಕಡೆ ತಿರುಗಿ ಕೇಳಿಯೇಬಿಟ್ಟಳು.

"ಅಕ್ಕ, ನಿಮ್ಮ ಆಫೀಸಲ್ಲಿ ನಮ್ಮಂಥೋರನ್ನ ತಗೋತಾರಾ?"

ಆಪಾ ಕೈಯಲ್ಲಿದ್ದ ಟೀ ಲೋಟ ಕೆಳಗಿಟ್ಟರು. ಸನಾವುಲ್ಲಾ ತಲೆ ಎತ್ತಿದ.

ಎದ್ದು ನಿಂತೆ. ಕುರ್ಚಿ ಹಿಡಿದುಕೊಂಡಿದ್ದೆ. ಇಲ್ಲಿ ಯಾರ ಮುಂದೆಯೂ ಇಂಗ್ಲಿಷ್ ಬೇಕಿರಲಿಲ್ಲ, ಆದರೂ ಮೊದಲು ಬಾಯಿಗೆ ಬಂದದ್ದು ಇಂಗ್ಲಿಷೇ. ಅದನ್ನು ನುಂಗಿಕೊಂಡೆ.

"ಹೇಳ್ತೀನಿ," ಎಂದೆ. "ಹೋದ ಜೂನ್‌ನಲ್ಲಿ ನಮ್ಮ ಆಫೀಸಲ್ಲಿ ಒಂದು ಇಂಟರ್‌ವ್ಯೂ ನಡೀತು. ಬಂದೋರಲ್ಲಿ ಒಬ್ರು ಎಲ್ಲರಿಗಿಂತ ಚೆನ್ನಾಗಿ ಮಾಡಿದ್ರು. ಅವರು ಹೊರಗೆ ಹೋದ್ಮೇಲೆ ನನ್ನನ್ನ ಒಂದು ಪ್ರಶ್ನೆ ಕೇಳಿದ್ರು. ನಾನು..."

ಗೋಡೆಯ ಪಕ್ಕದಿಂದ ಸನಾವುಲ್ಲಾ, "ಹೆಸರು ಹೇಳಿ ಮೇಡಂ," ಎಂದ. "ನನ್ನ ಹೆಸರು ಹೇಳಿ, ಪರವಾಗಿಲ್ಲ."

ಹೇಳಿದೆ. ಆಮೇಲೆ ನನ್ನ ಹೆಸರು, ಆ ರೂಮಿನಲ್ಲಿ ನಾನು ಆಡಿದ ಸುಳ್ಳು.