ಮೂರನೇ ಡ್ರಾಯರಿನಲ್ಲಿಟ್ಟ ಕಾಗದ

ಪ್ರೀತಿಯ ತಮ್ಮಾ,

ಈ ಕಾಗದವನ್ನು ನಿನ್ನ ಕೋಣೆಯ ಬೀರುವಿನಲ್ಲಿ, ಕೆಳಗಿನ ಮೂರನೇ ಡ್ರಾಯರಿನಲ್ಲಿ ಇಟ್ಟಿದ್ದೇನೆ. ಅದು ಮಡಚಿದ ಅಂಗಿ ಇಡುವುದಕ್ಕೆಂದೇ ಮಾಡಿಸಿದ ಡ್ರಾಯರು. ನೀನು ಬಟ್ಟೆ ಇಡಲು ಕೈ ಹಾಕಿದರೆ ಮಾತ್ರ ಇದು ಸಿಗುತ್ತದೆ. ನಾಳೆ ಆಸ್ಪತ್ರೆಯಿಂದ ಬರುತ್ತೀಯ. ನಾಳೆಯೇ ಓದುತ್ತೀಯೋ, ಹತ್ತು ದಿನ ಬಿಟ್ಟು ಓದುತ್ತೀಯೋ ಗೊತ್ತಿಲ್ಲ. ಓದೇ ಓದುತ್ತೀಯ ಅನ್ನುವುದು ಮಾತ್ರ ಗೊತ್ತು. ನನ್ನ ಕೆಲಸದ ಮೇಲೆ ನನಗೆ ಅಷ್ಟು ನಂಬಿಕೆ. ಜಂಬ ಅಂತ ಬೇಕಾದರೆ ಅಂದುಕೋ.

ಆಸ್ಪತ್ರೆಯ ಮಂಚದ ಮೇಲೆ ಕೂತು ನೀನು ಹೇಳಿದ ಮಾತು ಇನ್ನೂ ನನ್ನ ಕಿವಿಯಲ್ಲೇ ಇದೆ. "ಒಂದು ತಿಂಗಳು ನಿಮ್ಮನೇಲಿ ಇದ್ದು ನೋಡ್ತೀನಿ ಅಕ್ಕ. ಆಗ್ಲಿಲ್ಲ ಅಂದ್ರೆ ಡಿಪೋದಲ್ಲಿ ಡ್ರೈವರುಗಳು ಮಲಗೋ ಹಾಲ್ ಇದೆಯಲ್ಲ, ಅಲ್ಲೊಂದು ಮಂಚ ಕೇಳ್ಕೋತೀನಿ." ಇಪ್ಪತ್ತಾರು ವರ್ಷ ಲಾರಿ ಓಡಿಸಿ, ಬೆನ್ನು ಕೆಡಿಸಿಕೊಂಡು, ಆಪರೇಷನ್ ಮಾಡಿಸಿಕೊಂಡು, ಇನ್ನು ಸ್ಟೀರಿಂಗ್ ಮುಟ್ಟಲೇಬೇಡಿ ಅಂತ ಡಾಕ್ಟರು ಹೇಳಿದ ಮೇಲೂ ನಿನಗೆ ಅದೇ ಡಿಪೋ! ಅದಕ್ಕಿಂತ ಹೆಚ್ಚಾಗಿ, 'ನಿಮ್ಮನೇಲಿ' ಅಂದೆ ನೋಡು, ಅದಕ್ಕೆ ಮೈಯೆಲ್ಲ ಉರಿದುಹೋಯಿತು. ನರ್ಸ್ ಇದ್ದಳು ಅಂತ ಸುಮ್ಮನಾದೆ.

ನಿನ್ನ ಬುದ್ಧಿ ನನಗೆ ಗೊತ್ತಿಲ್ಲವೇನೋ? ವರ್ಷಕ್ಕೆ ಮೂರೋ ನಾಲ್ಕೋ ಸಲ ಬರುತ್ತೀಯ. ಆ ಕಂದು ಚೀಲವನ್ನು ಬಾಗಿಲ ಹಿಂದಿನ ಕೊಕ್ಕೆಗೆ ನೇತುಹಾಕುತ್ತೀಯ. ಜಿಪ್ಪನ್ನು ಅರ್ಧ ಎಳೆದು, ಕೋಳಿಗೂಡಿಗೆ ಕೈ ಹಾಕಿ ಮೊಟ್ಟೆ ಹುಡುಕುವವನ ಹಾಗೆ ತಡಕಾಡಿ ಒಂದು ಅಂಗಿ ಈಚೆ ತೆಗೆಯುತ್ತೀಯ. ಒಗೆದು ಒಣಗಿದ ಮೇಲೆ ಅದು ಮತ್ತೆ ಚೀಲದೊಳಕ್ಕೇ. ಮೂರನೇ ದಿನ ಬೆಳಿಗ್ಗೆ ನೋಡಿದರೆ ಚೀಲವೂ ಇಲ್ಲ, ನೀನೂ ಇಲ್ಲ. ಈ ಸಲ ಆ ಚೀಲ ಖಾಲಿಯಾಗಬೇಕು. ನನಗೆ ಬೇಕಾಗಿರುವುದು ಅಷ್ಟೇ, ಬೇರೇನೂ ಅಲ್ಲ.

ತಪ್ಪು ನನ್ನದೂ ಇತ್ತು ಅನ್ನು. ಇಷ್ಟು ದಿನ ಅದೇನು ಕೋಣೆಯಾ? ನಮ್ಮ ಫರ್ನಿಚರ್ ಶೋರೂಮಿನಲ್ಲಿ ಬೇಡವಾದದ್ದನ್ನೆಲ್ಲ ತಂದು ತುಂಬಿದ ಉಗ್ರಾಣ. ಮೂರು ಕಾಲಿನ ಕುರ್ಚಿ, ಮುರಿದ ದೀಪದ ಕಂಬ, ನಡುವೆ ನಿನ್ನ ಮಡಚುವ ಮಂಚ. ಮೂರು ದಿನ ಇದ್ದೆಯಲ್ಲ, ಅದೇ ದೊಡ್ಡದು. ನಿನಗೆ ಆಪರೇಷನ್ ಆದ ಮಾರನೇ ದಿನವೇ ಎಲ್ಲವನ್ನೂ ಗುಡಿಸಿ ಆಚೆ ಹಾಕಿಸಿದೆ. ನಿನಗೆ ಆಸ್ಪತ್ರೆಯಲ್ಲಿ ಆರು ವಾರ, ನನಗೆ ಇಲ್ಲಿ ಆರು ವಾರ.

ನನಗೇನು ಇದು ಹೊಸ ಕೆಲಸವಾ? ಹದಿನೆಂಟು ವರ್ಷದಿಂದ ಶೋರೂಮಿನ ಗಾಜಿನ ಹಿಂದೆ ಕೋಣೆ ಜೋಡಿಸುತ್ತಿದ್ದೇನೆ. ಅಲ್ಲಿ ಎಲ್ಲರೂ ನನ್ನನ್ನು ಗಾಜಿನಮ್ಮ ಅಂತಲೇ ಕರೆಯುವುದು. ರಸ್ತೆಯಲ್ಲಿ ಹೋಗುವವರು ನಿಂತು ಬಾಯಿ ಬಿಟ್ಟು ನೋಡಬೇಕು, ಹಾಗೆ ಮಾಡುತ್ತೇನೆ. ಗಂಡಸರ ಬೆಡ್‌ರೂಮ್ ಅಂದರೆ ಅದರಲ್ಲಿ ನನ್ನನ್ನು ಮೀರಿಸುವವರಿಲ್ಲ. ಮೂರು ಬಣ್ಣ, ಅದಕ್ಕಿಂತ ಹೆಚ್ಚು ಬೇಡ. ಹೊಳಪಿಲ್ಲದ ಗಾಢ ನೀಲಿ ಗೋಡೆ, ಬೂದಿ ಬಣ್ಣದ ಹೊದಿಕೆ, ಮರದ ಕಂದು. ಮೂಲೆಗೊಂದು ಚರ್ಮದ ಕುರ್ಚಿ. ಯಾರೂ ನುಡಿಸದ ಒಂದು ಗಿಟಾರು. ಸಾಲಾಗಿ ನೇತುಹಾಕಿದ ನಾಲ್ಕು ಕೋಟು. ನಮ್ಮ ಶೋರೂಮಿನ ಗಂಡಸಿಗೆ ಕೋಟು ನಾಲ್ಕಿದ್ದರೂ ಬನಿಯನ್ ಒಂದೂ ಇಲ್ಲ, ಪಾಪ.

ನಿನಗೂ ಅದನ್ನೇ ಮಾಡಿದೆ. ಗಿಟಾರ್ ಒಂದು ಬಿಟ್ಟು. ನಾಲ್ಕನೇ ವಾರಕ್ಕೆಲ್ಲ ಮುಗಿಯಿತು. ಬಾಗಿಲಲ್ಲಿ ನಿಂತು ನೋಡಿದರೆ, ಅಬ್ಬಾ, ನನ್ನ ದೃಷ್ಟಿಯೇ ತಾಗಬೇಕು! ಮಗಳನ್ನು ಕರೆದೆ. ನಿನ್ನ ಮುದ್ದಿನ ಸೋದರ ಸೊಸೆ ಬಂದು, ಕೈ ಕಟ್ಟಿ ನಿಂತು ನೋಡಿ, "ಅಮ್ಮಾ, ಇಲ್ಲಿ ಮಾವ ಮಲಗ್ತಾನೋ, ಟಿಕೆಟ್ ತಗೊಂಡು ನೋಡಿ ಹೋಗ್ತಾನೋ?" ಅಂದಳು. ನಾಲಗೆ ಯಾರದು ಅಂತ ಕೇಳಬೇಡ, ನನ್ನದೇ. "ನೀನು ಒಂದ್ಸಲ ಮಲಗಿ ನೋಡು" ಅಂದಳು. ಆಗ ಹೊಳೆಯಿತು, ಹದಿನೆಂಟು ವರ್ಷದಲ್ಲಿ ನಾನು ಜೋಡಿಸಿದ ಒಂದೇ ಒಂದು ಕೋಣೆಯಲ್ಲೂ ನಾನು ಮಲಗಿಲ್ಲ. ಯಾರೂ ಮಲಗಿಲ್ಲ.

ಮಧ್ಯಾಹ್ನ ಹೋಗಿ ಮಲಗಿದೆ. ಆರು ದಿಂಬು, ತಲೆ ಇಡಲು ಜಾಗವಿಲ್ಲ. ಪಕ್ಕದ ಪುಟ್ಟ ಮೇಜಿನ ಡ್ರಾಯರು ಬಾಗಿಲ ಕಡೆಗೆ ಮುಖ ಮಾಡಿದೆ, ಮಲಗಿದವನು ತೆಗೆಯಬೇಕಾದರೆ ಎದ್ದು ಸುತ್ತಿ ಬರಬೇಕು. ಗಡಿಯಾರ ತಲೆಯ ಹಿಂದೆ. ಪರದೆ ಎಳೆದರೆ ಬರುವುದಿಲ್ಲ. ಶೋರೂಮಿನ ಪರದೆಯ ಹಿಂದೆ ಕಿಟಕಿಯೇ ಇರುವುದಿಲ್ಲವಲ್ಲ, ಇಲ್ಲೂ ಅದೇ ರೂಢಿಯಲ್ಲಿ ಮೇಲೆ ಕೆಳಗೆ ಮೊಳೆ ಹೊಡೆದು ಕೂರಿಸಿಬಿಟ್ಟಿದ್ದೆ. ಇಷ್ಟೂ ಹೋಗಲಿ ಅನ್ನಬಹುದಿತ್ತು. ಕಣ್ಣೆತ್ತಿ ಎದುರಿಗೆ ನೋಡಿದೆ ನೋಡು, ಬಾಗಿಲಿರುವ ಗೋಡೆ. ಅದಕ್ಕೆ ಬಣ್ಣವೇ ಹೊಡೆಸಿಲ್ಲ! ಹಳೆಯ ಸುಣ್ಣ, ಸ್ಟೂಲು ತಗುಲಿ ಆದ ಗೀರು, ಮೂಲೆಯಲ್ಲಿ ತೇವದ ಕಲೆ, ಎಲ್ಲ ಹಾಗೇ ಇದೆ. ಶೋರೂಮಿನ ಗಾಜಿನ ಪೆಟ್ಟಿಗೆಗೆ ಮೂರೇ ಗೋಡೆ, ನಾಲ್ಕನೆಯದು ಗಾಜು. ಮೂರು ಗೋಡೆ ಬಳಿಸಿ, ಕೆಲಸ ಮುಗಿಯಿತು ಅಂತ ಪೇಂಟರನ್ನು ಕಳಿಸಿದ್ದೆ. ಅವನಾದರೂ ಒಂದು ಮಾತು ಕೇಳಬಾರದಾ? ಕೇಳಿದ್ದನಂತೆ. ನನಗೆ ಗೊತ್ತು ಸುಮ್ಮನಿರು ಅಂದಿದ್ದೆನಂತೆ.

ದೀಪದ ಬುಡದಲ್ಲಿ ಕತ್ತಲೆ ಅಂದರೆ ಇದೇ. ನಿನಗೆ ಅಂತ ಮಾಡಿದ ಕೋಣೆಯಲ್ಲಿ ನಿನಗೊಬ್ಬನಿಗೆ ಮಾತ್ರ ಏನೂ ಮಾಡಿರಲಿಲ್ಲ. ಇಂಗು ತಿಂದ ಮಂಗನ ಹಾಗೆ ಕೂತಿದ್ದೆ.

ಅದೇ ವಾರ ಡಿಪೋದ ಮ್ಯಾನೇಜರು ಫೋನ್ ಮಾಡಿದರು. ನಿನ್ನ ಲಾರಿಯನ್ನು ಬೇರೆಯವರಿಗೆ ಕೊಡಬೇಕಂತೆ, ಸಾಮಾನು ತೆಗೆದುಕೊಂಡು ಹೋಗಿ ಅಂದರು. ಹೋದೆ. ಇಷ್ಟು ವರ್ಷದಲ್ಲಿ ಒಂದು ಸಲವೂ ನಾನು ಆ ಲಾರಿ ಹತ್ತಿರಲಿಲ್ಲ. ಈ ಮಂಡಿ ಇಟ್ಟುಕೊಂಡು ಹತ್ತುವಷ್ಟರಲ್ಲಿ ಸಾಕುಸಾಕಾಯಿತು. ಸೀಟಿನ ಹಿಂದೆ ನೀನು ಮಲಗುವ ಹಲಗೆಯ ಮೇಲೆ ಕೂತೆ. ಆಮೇಲೆ, ಯಾರೂ ನೋಡುತ್ತಿಲ್ಲ ಅಂತ ಖಾತ್ರಿ ಮಾಡಿಕೊಂಡು, ಮಲಗಿದೆ.

ಎಲ್ಲ ನಿನ್ನ ಕಡೆಗೇ ಮುಖ ಮಾಡಿತ್ತು ಕಣೋ. ಕಣ್ಣು ಮುಚ್ಚಿಕೊಂಡು ಕೈ ಚಾಚಿದರೆ ಟಾರ್ಚು. ಅದರ ಪಕ್ಕ ನೀರಿನ ಬಾಟಲಿ. ಕನ್ನಡಕಕ್ಕೆ ಒಂದು ಚರ್ಮದ ಚೀಲ, ಬಾಚಣಿಗೆಗೆ ತಗಡಿನ ಡಬ್ಬಿ, ಬೆಲ್ಟು ಸುರುಳಿ ಸುತ್ತಿ ಒಂದು ಮೊಳೆಗೆ. ಶೂ ಎರಡೂ ಹೊರಮುಖವಾಗಿ, ಎದ್ದು ಕಾಲು ಇಳಿಬಿಟ್ಟರೆ ನೇರ ಒಳಕ್ಕೆ. ನೋಡುತ್ತಾ ನೋಡುತ್ತಾ ಗುರುತು ಸಿಕ್ಕಿತು. ಇದು ನಾನು ಎಂದೋ ನೋಡಿದ ಕೋಣೆ. ಅಪ್ಪನ ಮನೆಯಲ್ಲಿದ್ದ ನಿನ್ನ ಕೋಣೆ.

ಇಪ್ಪತ್ತೆರಡು ವರ್ಷದ ಹುಡುಗ, ಸ್ವಂತ ಕೈಯಿಂದ ಗೋಡೆಗೆ ಹಸಿರು ಬಳಿದಿದ್ದೆ. ಹಣ್ಣಿನ ಪೆಟ್ಟಿಗೆ ಒಡೆದು ಕಪಾಟು ಮಾಡಿದ್ದೆ. ಅಂಗಿಗಳನ್ನು ಬಣ್ಣದ ಪ್ರಕಾರ ಜೋಡಿಸುತ್ತಿದ್ದೆ. "ಏನೋ ಇದು, ಮದುಮಗಳಿಗೆ ಅಲಂಕಾರ ಮಾಡಿದ ಹಾಗೆ" ಅಂತ ಅಪ್ಪ ರೇಗಿಸಿದರೂ ನೀನು ಕಿವಿ ಮೇಲೆ ಹಾಕಿಕೊಳ್ಳುತ್ತಿರಲಿಲ್ಲ. ಆಗ ನಾನು ಗಂಡನ ಮನೆ ಬಿಟ್ಟು ಎಂಟು ತಿಂಗಳ ಕೂಸನ್ನು ಎತ್ತಿಕೊಂಡು ಬಂದೆ. ಇದ್ದದ್ದು ಎರಡೇ ಕೋಣೆ. ಯಾರೂ ನಿನ್ನನ್ನು ಕೇಳಲಿಲ್ಲ. ನೀನೇ ನಾಲ್ಕು ಅಂಗಿ ಚೀಲಕ್ಕೆ ತುಂಬಿಕೊಂಡು, "ನಂಗೇನಕ್ಕ, ಲಾರೀಲೇ ಮಲಗ್ತೀನಿ. ಒಂದೆರಡು ತಿಂಗಳು ತಾನೇ" ಅಂದೆ. ಆ ಒಂದೆರಡು ತಿಂಗಳು ಇನ್ನೂ ಮುಗಿದಿಲ್ಲ.

ನಿನಗೆ ಒಂದು ವಿಷಯ ಹೇಳಿಯೇ ಇಲ್ಲ. ಮಗುವಿಗೆ ಹಾಲು ಕುಡಿಸುತ್ತಾ ಆ ಕೋಣೆಯನ್ನು ನೋಡುವುದೇ ನನಗೆ ಕೆಲಸವಾಗಿತ್ತು. ಯಾವುದು ಎಲ್ಲಿದೆ, ಯಾಕೆ ಅಲ್ಲಿದೆ, ನೋಡಿ ನೋಡಿ ಬಾಯಿಪಾಠವಾಗಿತ್ತು. ಮುಂದೆ ಶೋರೂಮಿನಲ್ಲಿ ಕೆಲಸ ಕೇಳಲು ಹೋದಾಗ, ಒಂದು ಕೋಣೆಯ ಚಿತ್ರ ಬರೆಯಿರಿ ಅಂದರು. ನಿನ್ನದನ್ನೇ ಬರೆದೆ. ಗೋಡೆಯ ಬಣ್ಣ ಒಂದು ಬದಲಾಯಿಸಿದ್ದೆ, ಅಷ್ಟೇ. ಕೆಲಸ ಸಿಕ್ಕಿತು. ನಿನ್ನ ಕೋಣೆಯಲ್ಲಿ ಮಲಗಿ ಎದ್ದೆ, ನಿನ್ನ ಕೋಣೆ ತೋರಿಸಿ ಅನ್ನ ತಿಂದೆ, ಮಗಳನ್ನು ಓದಿಸಿದೆ. ಗಾಜಿನಮ್ಮ ಅಂತ ಮೆರೆಯುತ್ತಿದ್ದವಳು ನಾನು, ಆದರೆ ಗುರು ನೀನು. ಇದನ್ನು ಎದುರಿಗೆ ಕೂತು ಹೇಳಬೇಕಿತ್ತು. ಹೇಳಲು ಹೋದರೆ ನೀನು "ಬಿಡಕ್ಕ" ಅಂದು ಎದ್ದುಹೋಗುತ್ತೀಯ. ಕಾಗದದ ಮುಂದೆ ಆ ಆಟ ನಡೆಯುವುದಿಲ್ಲ.

ನನ್ನ ಕೈಚೀಲದಲ್ಲಿದ್ದ ಟೇಪು ತೆಗೆದು ಆ ಲಾರಿಯಲ್ಲೇ ಅಳತೆ ಮಾಡಿದೆ. ದಿಂಬಿನಿಂದ ಟಾರ್ಚಿಗೆ ಎಷ್ಟು, ಬಾಟಲಿಗೆ ಎಷ್ಟು, ಕನ್ನಡಿ ಎಷ್ಟು ಎತ್ತರ, ಎಲ್ಲ. ಮನೆಗೆ ಬಂದು ಮಾಡಿದ್ದನ್ನೆಲ್ಲ ಕಿತ್ತು ಮತ್ತೆ ಮಾಡಿದೆ. ಪೇಂಟರ್ ಬಾಗಿಲಲ್ಲಿ ನಿಂತು ನಕ್ಕ. ನಗಲಿ. ಈಗ ನಾಲ್ಕು ಗೋಡೆಗೂ ಹಸಿರು, ಮೊದಲು ಹೊಡೆಸಿದ್ದು ಬಾಗಿಲ ಗೋಡೆಗೆ. ನಿನ್ನ ಉದ್ದಕ್ಕೆ ತಕ್ಕ ಏಳಡಿ ಮಂಚ, ಕಾಲ ಕಡೆ ಹಲಗೆಯಿಲ್ಲ. ಹಾಸಿಗೆ ಇದ್ದಷ್ಟು ಕಾಲು ಚಾಚು ಅನ್ನುತ್ತಾರಲ್ಲ, ಆಯಿತು, ಈಗ ಚಾಚು ನೋಡೋಣ. ನಿನ್ನ ಬೆನ್ನಿಗೆ ಗಟ್ಟಿ ಹಾಸಿಗೆ, ಎರಡೇ ದಿಂಬು. ದೀಪದ ಸ್ವಿಚ್ಚು ಕೈಯಳತೆಯಲ್ಲಿದೆ. ಬೀರುವಿನಲ್ಲಿ ನೀನು ಬಗ್ಗದೆ ಎಟುಕುವ ಎತ್ತರಕ್ಕೇ ಎಲ್ಲ. ಮೂರನೇ ಡ್ರಾಯರು ಒಂದಕ್ಕೆ ಮಾತ್ರ ಕುರ್ಚಿ ಎಳೆದುಕೊಂಡು ಕೂರಬೇಕು, ಆ ಚರ್ಮದ ಕುರ್ಚಿ ಅದಕ್ಕೇ ಉಳಿಸಿದ್ದು. ನಾಲ್ಕು ಕೋಟೂ ಶೋರೂಮಿಗೆ ವಾಪಸ್ ಹೋದವು. ಬನಿಯನ್ ಆರು ತಂದಿಟ್ಟಿದ್ದೇನೆ.

ಬಾಗಿಲ ಹಿಂದಿನ ಕೊಕ್ಕೆಯನ್ನು ಮೊದಲೇ ಕಿತ್ತುಹಾಕಿದ್ದೆ. ಚೀಲ ಎಲ್ಲಿ ನೇತುಹಾಕುತ್ತಾನೋ ನೋಡೇ ಬಿಡೋಣ ಅಂತ. ಡಿಪೋದಿಂದ ಬಂದ ಮೇಲೆ ನಾನೇ ಸ್ಕ್ರೂ ಹಾಕಿ ಅದನ್ನು ಇದ್ದಲ್ಲಿಗೇ ಕೂರಿಸಿದೆ. ಹೊರಡಲು ಬಿಡದ ಕೋಣೆ ಯಾರಿಗೆ ಬೇಕು? ನಾನೂ ಅಂಥದ್ದೊಂದರಿಂದಲೇ ಬಂದವಳಲ್ಲವಾ. ಹೋಗಬೇಕು ಅನ್ನಿಸಿದರೆ ಕೊಕ್ಕೆ ಇದೆ, ಬಾಗಿಲಿದೆ. ಇರಬೇಕು ಅನ್ನಿಸಿದರೆ ಡ್ರಾಯರಿದೆ. ಯಾವುದು ಗೆಲ್ಲುತ್ತದೆ ಅಂತ ನನಗೇನೂ ಭಯವಿಲ್ಲ.

ಇನ್ನೊಂದು. ಲಾರಿಯಿಂದ ತಂದ ಸಾಮಾನಿನಲ್ಲಿ ಪರದೆ ಇತ್ತಾ ಅಂತ ನೀನು ಆಸ್ಪತ್ರೆಯಲ್ಲಿ ಎರಡು ಸಲ ಕೇಳಿದೆ. ನಾನು ನೋಡಲಿಲ್ಲ ಅಂದೆ. ಸುಳ್ಳು ಹೇಳಿದೆ. ಹಳದಿ ಚೌಕಳಿ, ಅಮ್ಮ ಹೊಲಿದದ್ದು, ನಿನ್ನ ಕೋಣೆಯ ಕಿಟಕಿಯದು. ನಾನು ಬಂದ ವಾರವೇ ಅದು ಕಾಣೆಯಾಗಿ, ಅದು ಎಲ್ಲಿ ಹೋಯಿತು ಅಂತ ಅಮ್ಮನ ಜೊತೆ ನಾನು ಎಷ್ಟು ಜಗಳ ಆಡಿದ್ದೆ! ಕೋಣೆ ಬಿಟ್ಟುಕೊಟ್ಟು ನಗುನಗುತ್ತಾ ಹೋದವನು ಕಿಟಕಿಯನ್ನು ಮಡಚಿಕೊಂಡು ಹೋಗಿದ್ದ ಅಂತ ಆಗ ಯಾರಿಗೆ ಗೊತ್ತಿತ್ತು? ಆ ಲಾರಿಯಲ್ಲಿ ಅದನ್ನು ಹಿಡಿದುಕೊಂಡು ನಾನು ಅತ್ತೆ. ಮ್ಯಾನೇಜರು ಗಾಬರಿಯಾಗಿ ನೀರು ತಂದುಕೊಟ್ಟರು.

ಕಿಟಕಿಗೆ ಎರಡು ಕಂಬಿ ಹಾಕಿಸಿದ್ದೇನೆ. ಹೊರಗಿನದರಲ್ಲಿ ಬೆಳಕು ತಡೆಯುವ ದಪ್ಪ ಪರದೆ ಇದೆ, ಎಳೆದರೆ ಬರುತ್ತದೆ, ನಾನೇ ಹತ್ತು ಸಲ ಎಳೆದು ನೋಡಿದ್ದೇನೆ. ಒಳಗಿನ ಕಂಬಿ ಖಾಲಿ ಇದೆ. ಈ ಕಾಗದದ ಕೆಳಗೆ ನೋಡು, ಅಮ್ಮನ ಪರದೆ. ಒಗೆದು, ಅಂಚು ಹೊಲಿದು, ಇಸ್ತ್ರಿ ಮಾಡಿದ್ದೇನೆ. ಕೋಣೆ ಜೋಡಿಸುವುದರಲ್ಲಿ ನನ್ನ ಪಾಲು ಇಲ್ಲಿಗೆ ಮುಗಿಯಿತು. ಅದನ್ನು ನೀನು ಹಾಕು.

ಅಂಗಿಗಳನ್ನು ಇಟ್ಟಾದ ಮೇಲೆ ಆ ಚೀಲವನ್ನು ಹೊರಗೆ ತಂದು ಕೊಡು. ಇಪ್ಪತ್ತಾರು ವರ್ಷದಿಂದ ಅದನ್ನು ಒಗೆಯಬೇಕು ಅಂತ ಕಾಯುತ್ತಿದ್ದೇನೆ.

ಬೆನ್ನು ನೇರ ಮಾಡಿ, ಕಾಲು ಪೂರ್ತಿ ಚಾಚಿ, ಕಣ್ಣು ತುಂಬ ನಿದ್ದೆ ಮಾಡು. ನೂರು ಕಾಲ ಸುಖವಾಗಿರಪ್ಪ, ನಿನ್ನ ಮನೆಯಲ್ಲಿ.

ನಿನ್ನ ಕೋಣೆಯನ್ನು ಇಷ್ಟು ತಡವಾಗಿ ವಾಪಸ್ ಕೊಡುತ್ತಿರುವ,
ನಿನ್ನ ಅಕ್ಕ