ಎಲ್ಕಾನಾ ಮಾವನ ಶಂಖದ ದೊಡ್ಡಿ

ಹಾಗ್‌ಫಿಶ್ ಕೇ, ಬಹಾಮಾಸ್
ಜುಲೈ, ಭಾನುವಾರ, ಚರ್ಚು ಬಿಟ್ಟ ಮೇಲೆ

ನನ್ನ ಪ್ರೀತಿಯ ಮಮ್ಮಿಗೆ,

ಸೊಂಟ ಹೇಗಿದೆ? ನಡೆಸೋಕೆ ಬರೋ ನರ್ಸ್ ಜೊತೆ ಜಗಳ ಆಡಬೇಡ, ಪ್ಲೀಸ್. ಅವರು ನಮ್ಮ ಮೀನುಗಾರರ ಸಂಘದ ಮೆಂಬರ್ ಅಲ್ಲ, ನೀನು ಗದರಿಸಿದರೆ ಹೆದರೋಕೆ.

ಇದನ್ನ ಫೋನಿನಲ್ಲೇ ಹೇಳಬಹುದಿತ್ತು. ಆದರೆ ಅಂಗಡಿ ಫೋನಿನಲ್ಲಿ ಮಾತಾಡಿದರೆ ಊರೆಲ್ಲ ಸಕ್ಕರೆ ಕೊಳ್ಳೋ ನೆಪದಲ್ಲಿ ನಿಂತು ಕೇಳುತ್ತೆ. ನೀನೂ ಅರ್ಧದಲ್ಲೇ "ಸರಿ ಸರಿ, ಇಡ್ತೀನಿ" ಅಂತೀಯ. ಪತ್ರವನ್ನ ಹಾಗೆ ಇಡೋಕೆ ಬರಲ್ಲ. ನಾಳೆ ಮೇಲ್ ಬೋಟಿನಲ್ಲಿ ನಸ್ಸಾವುಗೆ ಬರುತ್ತೆ, ಪೂರ್ತಿ ಓದು.

ಎಲ್ಕಾನಾ ಮಾವನ ಮಣ್ಣು ಶುಕ್ರವಾರ ಚೆನ್ನಾಗಿ ಆಯಿತು. ನಿನ್ನ ಅಣ್ಣ ಇಷ್ಟು ಜನರಿಗೆ ಬೇಕಾದವರು ಅಂತ ನನಗೆ ಗೊತ್ತಿರಲಿಲ್ಲ. ಮಣ್ಣಿಗೆ ಮುಂಚೆ ಅವರ ಜೀವನದ ಬಗ್ಗೆ ಓದೋದನ್ನ ನನ್ನ ಕೈಲೇ ಬರೆಸಿದರು. ಕಾಲೇಜು ಹುಡುಗಿ ಅಲ್ವಾ! ಬೆಳಗ್ಗೆಯಿಂದ ಖಾಲಿ ಚರ್ಚಿನಲ್ಲಿ ಕೂತು ಬರೆಯೋದು, ಹರಿಯೋದು. ಕಿಟಕಿಯಾಚೆ ಲಾವರ್ನ್ ಅತ್ತೆಯ ಅಂಗಳದ ಕಡೆಯಿಂದ ಟಪ್ ಟಪ್ ಅಂತ ಕುಟ್ಟೋ ಸದ್ದು ನಿಲ್ಲಲೇ ಇಲ್ಲ. ಪೆಟ್ಟಿಗೆಗೆ ಮೊಳೆ ಹೊಡೀತಿದ್ದಾರೆ ಅಂದುಕೊಂಡೆ. ಸಾವಿಗೆ ಇಷ್ಟೊಂದು ಮೊಳೆ ಬೇಕಾ ಅಂತ ಅಳು ಬಂತು.

ಮಣ್ಣು ಕೊಟ್ಟು ಬಂದ ಮೇಲೆ ಅತ್ತೆಯ ಅಂಗಳದಲ್ಲಿ ಊಟ. ಕಾಳು ಹಾಕಿದ ಅನ್ನ, ಜಾನಿ ಕೇಕ್, ಒಂದು ದೊಡ್ಡ ಹಂಡೆ ತುಂಬ ಸಾರು. ತಟ್ಟೆ ಹಿಡಿದು ಹೆಜೆಕಾಯ ಅಂಕಲ್ ಪಕ್ಕ ಕೂತೆ. ಮೊದಲ ತುಂಡು ಬಾಯಿಗಿಟ್ಟೆ, ಅಗಿದೆ, ಅಗಿದೆ, ಮುಗೀತಾನೇ ಇಲ್ಲ. ಹೆಜೆಕಾಯ ಅಂಕಲ್ ನಕ್ಕು, ಬಿಡಮ್ಮ, ಹಾಸ್ಟೆಲ್ ಬ್ರೆಡ್ ತಿಂದ ಹಲ್ಲು, ಮುದಿ ಶಂಖಕ್ಕೆ ಎಲ್ಲಿ ಬಗ್ಗುತ್ತೆ ಅಂದರು.

ಮುದಿ ಶಂಖ. ಮಮ್ಮಿ, ನನ್ನ ದವಡೆ ಅಲ್ಲೇ ನಿಂತಿತು.

ಈಗ ಶಂಖ ಹಿಡಿಯೋ ಹಾಗಿಲ್ಲ. ಹಿಡಿಯೋ ಕಾಲದಲ್ಲೂ ಸಮುದ್ರದೊಳಗಿನ ಪಡುವಣ ದಿಬ್ಬದಲ್ಲಿ, ಚಿಪ್ಪಿನ ತುಟಿ ದಪ್ಪಗಾದ ಮುದಿ ಶಂಖ ಸಿಕ್ಕೋದು ಅಲ್ಲೊಂದು ಇಲ್ಲೊಂದು. ಗಂಡು ಹೆಣ್ಣು ಒಂದಕ್ಕೊಂದು ಸಿಕ್ಕದಷ್ಟು ದೂರ, ಹೀಗಾದರೆ ಮೊಟ್ಟೆ ಎಲ್ಲಿಂದ ಅಂತ ನೀನೇ ಹೇಳ್ತಿದ್ದೆ. ಅದಕ್ಕೇ ಅಲ್ವಾ ಎಲ್ಲರೂ ಮುಳುಗಿ, ಇದ್ದಬದ್ದ ಮುದಿ ಶಂಖಗಳನ್ನೆಲ್ಲ ಹೊತ್ತು ತಂದು, ಕಾಂಡ್ಲಾ ಗಿಡಗಳ ಮುಂದೆ ಆಳವಿಲ್ಲದ ನೀರಲ್ಲಿ ಗೂಟ ಹೊಡೆದು ದೊಡ್ಡಿ ಮಾಡಿದ್ದು? ಅಲ್ಲಿ ಮೊಟ್ಟೆ ಕಂಡರೆ ದಿಬ್ಬ ನಮ್ಮ ಊರಿನ ಕೈಯಲ್ಲೇ ಉಳಿಯುತ್ತೆ, ಇಲ್ಲದಿದ್ದರೆ ವರ್ಷಗಟ್ಟಲೆ ಎಲ್ಲರಿಗೂ ಬಂದ್ ಅಂತ ಮೀನುಗಾರಿಕೆ ಇಲಾಖೆಯವರು ಹೇಳಿದ್ದು?

ಎಲ್ಲಿಂದ ಬಂತು ಅಂಕಲ್ ಇದು ಅಂತ ಕೇಳಿದೆ. ಅವರು, ಎಲ್ಲಿಂದ ಅಂದ್ರೆ, ಎಲ್ಕಾನಾನದು ಕಣೇ, ಅವನ ದೊಡ್ಡೀದು, ಇನ್ನೊಂದು ಸೌಟು ಹಾಕಿಸ್ಕೋ ಅಂದರು.

ತಟ್ಟೆ ಅಲ್ಲೇ ಬಿಟ್ಟು ಓಡಿದೆ. ಶೂ ಸಮೇತ ನೀರಿಗಿಳಿದೆ. ಗೂಟಗಳು ನೆಟ್ಟಗೆ ನಿಂತಿವೆ. ಬಲೆ ಎಲ್ಲೂ ಹರಿದಿಲ್ಲ. ಒಳಗೆ ಒಂದೂ ಇಲ್ಲ. ಮರಳ ಮೇಲೆ ಮೊಟ್ಟೆ ಮಾತ್ರ ಇತ್ತು ಮಮ್ಮಿ. ಮರಳು ಮೆತ್ತಿದ ಶಾವಿಗೆ ಉಂಡೆಗಳ ಹಾಗೆ, ಎಷ್ಟೊಂದು! ಹಿಂದಿನ ವಾರ ನಾನೂ ಮಾವನೂ ಮೊದಲನೇದನ್ನ ನೋಡಿ ಕುಣಿದಿದ್ದೆವು. ಮುಟ್ಟಬೇಡ ಕಣೇ, ಬಾಣಂತಿ ಮನೆ ಅಂತ ಮಾವ ಬೈದಿದ್ದರು. ಈಗ ಅವನ್ನ ಸಣ್ಣ ಮೀನುಗಳು ಕುಕ್ಕುತ್ತಿದ್ದವು. ದಡದಲ್ಲಿ ಹೊಸ ಚಿಪ್ಪಿನ ರಾಶಿ, ಒಂದೊಂದರ ನೆತ್ತಿಗೂ ಮಾಂಸ ಬಿಡಿಸೋಕೆ ಹೊಡೆದ ತೂತು, ಒಳಗೆಲ್ಲ ಹಸಿ ಗುಲಾಬಿ ಬಣ್ಣ. ಬೆಳಗ್ಗೆ ಅಂಗಳದಲ್ಲಿ ಕುಟ್ಟುತ್ತಿದ್ದದ್ದು ಮೊಳೆಯಲ್ಲ, ಇವುಗಳ ಮಾಂಸ. ವಾಂತಿ ಮಾಡಿಕೊಂಡೆ. ಬಂದದ್ದೂ ಅದೇ.

ಕಳ್ಳರು ಅಂತ ಕೂಗಿಕೊಂಡು ಅಂಗಳಕ್ಕೆ ಬಂದೆ. ಯಾರೂ ಬೆಚ್ಚಲಿಲ್ಲ. ಜ್ವರ ಬಂದ ಮಗುವನ್ನ ನೋಡೋ ಹಾಗೆ ನೋಡಿದರು. ಲಾವರ್ನ್ ಅತ್ತೆ ಸೌಟು ಕೆಳಗಿಟ್ಟು, ಕಳ್ಳರು ಯಾರೇ, ಅವನ ಪಾಲನ್ನ ನೀರಲ್ಲಿ ಬಿಟ್ಟು ಅವನೊಬ್ಬನನ್ನ ಮಣ್ಣಿಗೆ ಹಾಕ್ಲಾ, ದಿನಾ ರಾತ್ರಿ ಬಂದು ಎಣಿಸ್ತಾ ಕೂರಲಿ ಅಂತಲಾ ಅಂದರು.

ಆಗ ಅರ್ಥವಾಯಿತು. ಸತ್ತವನದು ನೀರಲ್ಲಿ ಏನಿದ್ದರೂ, ಗಾಳವೋ ಬೋನೋ, ಮಣ್ಣಿಗೆ ಮುಂಚೆ ಎತ್ತಿ, ಸಿಕ್ಕಿದ್ದನ್ನ ಊರೆಲ್ಲ ತಿನ್ನಬೇಕು. ನಮ್ಮೂರಿನ ಈ ಪದ್ಧತಿ ನನಗೂ ಗೊತ್ತು. ಆದರೆ ದೊಡ್ಡಿ ಮಾವನದಲ್ಲವಲ್ಲ, ಸಂಘದ್ದಲ್ವಾ ಅಂತ ಕೇಳಿದೆ. ಹೆಜೆಕಾಯ ಅಂಕಲ್ ಅಂದರು, ನಿಮ್ಮಮ್ಮನೇ ಚರ್ಚಿನಲ್ಲಿ ಎದ್ದು ನಿಂತು ಹೇಳಿದ್ದಲ್ವೇನೇ, ಈ ದೊಡ್ಡಿ ಇವತ್ತಿಂದ ಎಲ್ಕಾನಾಂದು, ಕೈ ಹಾಕಿದವನ ಕೈ ಮುರೀತೀನಿ ಅಂತ.

ಹೌದು, ನೀನು ಹೇಳಿದ್ದೆ. ನಾನೂ ಚಪ್ಪಾಳೆ ತಟ್ಟಿದ್ದೆ. ಸಂಘದ್ದು ಅಂದರೆ ಎಲ್ಲರೂ ಒಂದೊಂದು ಎತ್ಕೊಂಡು ಹೋಗ್ತಾರೆ, ಒಬ್ಬನ ಹೆಸರಿದ್ದರೆ ನಮ್ಮೂರಲ್ಲಿ ಯಾರೂ ಮುಟ್ಟಲ್ಲ ಅಂತ ನನಗೆ ಕಣ್ಣು ಹೊಡೆದು ಹೇಳಿದ್ದೆ. ಯಾರೂ ಮುಟ್ಟಲೂ ಇಲ್ಲ, ಅವರು ಬದುಕಿರೋವರೆಗೆ. ಹೆಸರಿಡುವಾಗ ಮಾವ ಸಾಯಬಹುದು ಅಂತ ನಮ್ಮಿಬ್ಬರಿಗೂ ಹೊಳೆಯಲೇ ಇಲ್ಲ.

ಇಷ್ಟೇ ಆಗಿದ್ದರೆ ಅವರ ಮೇಲೆ ಕೂಗಾಡಿ ಸುಮ್ಮನಾಗ್ತಿದ್ದೆ. ಕೂಗಾಡಿದೆ ಕೂಡ. ನಿಮ್ಮ ತಲೆಯಲ್ಲಿ ಏನಿದೆ, ಮಮ್ಮಿಯನ್ನ ಒಂದು ಮಾತು ಕೇಳಬಾರದಿತ್ತಾ ಅಂದೆ. ಅತ್ತೆ ನನ್ನ ಕೈ ಹಿಡಿದು ಒಳಗೆ ಕರ್ಕೊಂಡು ಹೋಗಿ ಹೇಳಿದರು: ನಿಮ್ಮಮ್ಮನ್ನ ಕೇಳೇ ತೆಗೆಸಿದ್ದು ಮಗಾ. ಫೋನಲ್ಲೇ, ತೆಗೀರಿ ಅತ್ತಿಗೆ, ಪಿಪ್ಪಾಗೆ ಮಾತ್ರ ಹೇಳಬೇಡಿ ಅಂದಳು.

ನಿಜಾನಾ ಮಮ್ಮಿ?

ತುಟಿ ಬಲಿಯದ ಒಂದು ಮರಿ ಶಂಖ ತಂದ ಅಂತ ಸ್ವಂತ ತಮ್ಮನ ಬೋಟನ್ನ ದಡಕ್ಕೆ ಎಳೆಸಿದವಳು ನೀನು. ನಾನು ಇಡೀ ವರ್ಷ ಹಾಸ್ಟೆಲಲ್ಲಿ ನಮ್ಮಮ್ಮ ಹೀಗೆ, ನಮ್ಮಮ್ಮ ಹಾಗೆ ಅಂತ ಕೊಚ್ಚಿಕೊಂಡಿದ್ದೀನಿ. ಮೊದಲ ವರ್ಷದ ಎಕ್ಸಾಮಲ್ಲಿ ಉದಾಹರಣೆಗೆ ನಮ್ಮ ದೊಡ್ಡೀನೇ ಬರೆದಿದ್ದೀನಿ. ಮೊಟ್ಟೆ ಬಂದ ವಿಷಯ ನಿನಗೆ ಗೊತ್ತಿತ್ತು. ನಾನೇ ಹೇಳಿದ್ದೆ, ನೀನು ಫೋನಲ್ಲಿ ಅತ್ತಿದ್ದೆ. ಆದರೂ ತೆಗೀರಿ ಅಂದೆ.

ಅಣ್ಣನ ಮುಖ ಕೊನೇ ಸಲ ನೋಡೋಕೂ ಆಗದೆ ಆ ವಾರ್ಡಿನಲ್ಲಿ ನೀನೊಬ್ಬಳೇ ಇದ್ದೆ ಅಂತ ಗೊತ್ತು. ನಿನ್ನ ಕೈಲಿ ಅವರಿಗೆ ಕೊಡೋಕೆ ಬೇರೇನೂ ಇರಲಿಲ್ಲ ಅಂತಲೂ ಯೋಚನೆ ಬರುತ್ತೆ. ಬಂದ ಕೂಡಲೇ ಆ ಮೊಟ್ಟೆಗಳ ನೆನಪೂ ಬರುತ್ತೆ. ಅವು ಒಡೆದರೂ ಮರಿಗಳು ಸೆಳವಿಗೆ ಸಿಕ್ಕಿ ಯಾವ ದ್ವೀಪದ ಪಾಲಾಗುತ್ತವೋ. ಮತ್ತೆ ಇಡೋಕೆ ಇಲ್ಲಿ ಮುದಿ ಶಂಖ ಇಲ್ಲ.

ಇಲಾಖೆಯ ಆಫೀಸರ್ ದೊಡ್ಡಿ ನೋಡೋಕೆ ಬಂದರೆ ನಾನು ಏನು ಹೇಳಲಿ? ಸಂಘದ ಅಧ್ಯಕ್ಷೆ ನೀನು, ನೀನೇ ಹೇಳು. ಬೇಗ ಬರಿ.

ಔಷಧಿ ಬಿಡಬೇಡ. ನನಗೆ ಕೋಪ ಇದೆ, ಆದರೂ ಬಿಡಬೇಡ.

ನಿನ್ನ ಮಗಳೇ ಆದ,
ಪಿಪ್ಪಾ

ಮರೆತದ್ದು: ಮರೆತದ್ದಲ್ಲ, ಬರೆಯೋಕೆ ಧೈರ್ಯ ಸಾಲದೆ ಬಿಟ್ಟದ್ದು. ಮೇಲೆ ಕೇಳಿದ ಪ್ರಶ್ನೆ ಸುಳ್ಳು. ಆಫೀಸರ್ ನಿನ್ನೆಯೇ ಬಂದು ಹೋದರು. ಅವರ ಬೋಟಿನ ಸದ್ದು ಕೇಳಿದ್ದೇ ನಾನು ನೀರಿಗೆ ಹಾರಿ ಸಮುದ್ರದ ಕಡೆಯ ಗೂಟಗಳನ್ನ ಕಿತ್ತು ಬಲೆ ಮಲಗಿಸಿದೆ. ಯಾರೂ ಹೇಳಿಕೊಡಲಿಲ್ಲ. ಗುರುವಾರ ಭಾರೀ ಅಲೆ ಬಂದು ದೊಡ್ಡಿ ಬಿತ್ತು, ಶಂಖಗಳು ಕಡಲ ಹುಲ್ಲಿನ ಕಡೆ ನಡೆದು ಹೋದವು, ಮೊಟ್ಟೆ ನೋಡಿ ಸಾರ್ ಎಷ್ಟಿದೆ ಅಂದೆ. ಹೆಜೆಕಾಯ ಅಂಕಲ್ ಚಿಪ್ಪಿನ ರಾಶಿಗೆ ಹಳೇ ಹಾಯಿ ಹೊದಿಸಿ ಅದರ ಮೇಲೇ ಕೂತು, ಎಂಥಾ ಅಲೆ ಸಾರ್, ನನ್ನ ಹಾಸಿಗೇನೂ ತೇಲಿತ್ತು ಅಂದರು. ಗುರುವಾರ ಸಮುದ್ರ ತಟ್ಟೆಯ ಹಾಗಿತ್ತು. ಊರೆಲ್ಲ ತಲೆಯಾಡಿಸಿತು. ಆಫೀಸರ್ ಮೊಟ್ಟೆಗಳ ಫೋಟೋ ತೆಗೆದು, ದಿಬ್ಬ ನಿಮ್ಮ ಕೈಯಲ್ಲೇ ಇರುತ್ತೆ ಅಂತ ಕೈ ಕುಲುಕಿದರು. ಅಮ್ಮ ನಿನಗೆ ಚೆನ್ನಾಗಿ ಕಲಿಸಿದ್ದಾರೆ ಅಂದರು. ಹೌದು ಸಾರ್ ಅಂದೆ.