ಅಪ್ಪ ಅರ್ಧಕ್ಕೆ ಬಿಟ್ಟ ಬಾನೆಟ್

ನವೆಂಬರ್ ೧೪, ಬೆಳಿಗ್ಗೆ ೬.೧೦

ತಮ್ಮಾ,

ನಾನು ಬಸ್ಸಿಗೆ ಹೊರಟೆ. ಕಾರನ್ನು ಇವತ್ತು ನೀನೇ ತೊಳೆ, ಆದರೆ ನಿನ್ನೆ ಹಾಕಲು ಹೊರಟಿದ್ದ ಹಾಗೆ ಪಾತ್ರೆ ತೊಳೆಯುವ ಸೋಪು ಹಾಕಬೇಡ ಕಣೋ, ಅದು ಬಣ್ಣದ ಮೇಲೆ ಹಚ್ಚಿದ ವ್ಯಾಕ್ಸನ್ನೆಲ್ಲ ಕಿತ್ತುಹಾಕುತ್ತದೆ. ಮೊದಲು ಬರೀ ನೀರು ಬಿಟ್ಟು ಧೂಳು ಇಳಿಸು. ಒಣ ಬಟ್ಟೆಯಲ್ಲಿ ಉಜ್ಜಿದರೆ ಕಪ್ಪು ಬಣ್ಣದ ಮೇಲೆ ಕೂದಲೆಳೆಯಷ್ಟು ಗೀರೂ ಎದ್ದು ಕಾಣುತ್ತದೆ. ನೆರಳಿನಲ್ಲೇ ತೊಳೆ, ಇಲ್ಲದಿದ್ದರೆ ಹನಿ ಒಣಗಿ ಬಿಳಿ ಕಲೆ ಕೂರುತ್ತದೆ.

ಬಾನೆಟ್ಟಿಗೆ ನೀರು ಹಾಕುವ ಮೊದಲು ಅದರ ಮೇಲಿನ ಇಬ್ಬನಿ ನೋಡು. ಎಡಗಡೆ ದುಂಡಗೆ ನಿಂತಿರುತ್ತದೆ, ಬಲಗಡೆ ಚಪ್ಪಟೆಯಾಗಿ ಹರಡಿರುತ್ತದೆ. ಆ ದಿನ ಅಪ್ಪ ವ್ಯಾಕ್ಸ್ ಹಚ್ಚಿದ್ದು ಅಲ್ಲಿಯವರೆಗೆ. ನಾನು ಊಟಕ್ಕೆ ಕರೆದಾಗ, "ಬಂದೆ ಕಣೇ, ಇನ್ನರ್ಧ ಅಷ್ಟೇ" ಅಂದರು. ನಾವು ಹೋಗಿ ನೋಡುವಾಗ ಬಟ್ಟೆ ಇನ್ನೂ ಅವರ ಕೈಯಲ್ಲೇ ಇತ್ತು, ಉಸಿರು ಇರಲಿಲ್ಲ.

ಹಚ್ಚಿದ ಕಡೆ ಹನಿ ದುಂಡಗೆ ನಿಲ್ಲುವುದು ವ್ಯಾಕ್ಸಿನ ಗುಣ, ಬೇರೇನಲ್ಲ. ನನಗೆ ಗೊತ್ತು. ಆದರೂ ಯಾರೋ ಈಗಷ್ಟೇ ಕೈ ತೆಗೆದ ಹಾಗೆ ದಿನಾ ಬೆಳಿಗ್ಗೆ ಎರಡರ ನಡುವೆ ಆ ಗೆರೆ ಮೂಡುತ್ತದೆ. ಅದಕ್ಕೆ ಬೆನ್ನು ಮಾಡಿ ಗೇಟು ಹಾಕಲು ನನಗೆ ಆಗುವುದಿಲ್ಲ. ವ್ಯಾಕ್ಸ್ ಸವೆದ ದಿನ ಅದೂ ನಿಲ್ಲುತ್ತದೆ.

ನೀನು ತಂದ ಹೊಸ ಡಬ್ಬಿಯ ವ್ಯಾಕ್ಸನ್ನು ಬೇರೆಲ್ಲ ಕಡೆ ಹಚ್ಚು, ಬಾನೆಟ್ಟಿಗೆ ಬೇಡ. ಅಪ್ಪ ಮುಗಿಸದ ಭಾಗ ಹಾಗೇ ಇರಲಿ. ಗೆರೆಯಿಂದ ಬಲ ಅಂಚಿನವರೆಗೆ ಅಳೆದಿದ್ದೇನೆ: ಐವತ್ತೊಂದು ಸೆಂಟಿಮೀಟರ್.